ದೋಣಿಯಂಚಿಗೆ ಗದ್ದ

ಮಲ್ಲಾಪುರದ ಕೆಳಗೆ, ಕಾಳಿ ಮೈ ಬಿಟ್ಟು ಅಗಲವಾಗುವಲ್ಲಿ,
ಇಳಿತದ ಹೊತ್ತು. ಇನ್ನೂ ಬಿಸಿಲು ಬಿದ್ದಿರಲಿಲ್ಲ.
ಠಾಕು ಮಾವ ಹುಟ್ಟು ತೊಡೆ ಮೇಲಿಟ್ಟು ಬೀಡಿ ಹುಡುಕುತ್ತಿದ್ದ,
ನಾನು ಗಾಳಕ್ಕೆ ಶೆಟ್ಲಿ ಸಿಕ್ಕಿಸುತ್ತಿದ್ದೆ.
ಬುಟ್ಟಿಯಲ್ಲಿ ನಾಲ್ಕು ಮಡ್ಲೆ,
ಒಂದು ಇನ್ನೂ ಬಾಲ ಬಡಿಯುತ್ತ
ತನ್ನನ್ನು ಲೆಕ್ಕಕ್ಕೆ ಹಿಡಿಯಬೇಡವೆನ್ನುತ್ತಿತ್ತು.

ಮೊದಲು ಸಿಳ್ಳು ಕೇಳಿತು.
ಯಾರೋ ಹುಡುಗರು, ಅಂದೆ.
ಮಾವ ಬೀಡಿ ಬಾಯಿಂದ ತೆಗೆದ.
"ಈ ಹೊತ್ತಲ್ಲಿ ಎಂತಾ ಹುಡುಗ್ರು?"

ಆಮೇಲೆ, ನೀರಿನಲ್ಲಿ ಬರುತ್ತಿದ್ದದ್ದು ಮರದ ಬೊಡ್ಡೆ ಎಂದೇ ನೋಡಿದೆ.
ಕದ್ರಾ ಗೇಟು ಬಿಟ್ಟ ಮರುದಿನ ಎಷ್ಟೋ ತೇಲಿ ಬರುತ್ತವೆ.
ಆದರೆ ಬೊಡ್ಡೆಗೆ ಕಿವಿ ಇರುವುದಿಲ್ಲ.
ಬೊಡ್ಡೆ ಹರಿವಿಗೆ ಅಡ್ಡ ಹೊರಡುವುದಿಲ್ಲ.
ಬಂತು, ನನ್ನ ಮೊಣಕೈ ಪಕ್ಕಕ್ಕೇ ಬಂತು,
ದೋಣಿಯಂಚಿಗೆ ಗದ್ದ ಊರಿತು.

ಹೆಣ್ಣು ಕಡವೆ.

ರೆಪ್ಪೆಗೂದಲಲ್ಲಿ ಹನಿ. ಹಿಗ್ಗಿ ಕುಗ್ಗುವ ಮೂಗಿನ ಹೊಳ್ಳೆ.
ನೆಂದ ಕಂಬಳಿಯ ವಾಸನೆ, ಜಗಿದ ಸೊಪ್ಪಿನದು,
ಅದರಡಿಗೆ ಮತ್ತೊಂದು, ತುಕ್ಕು ಹಿಡಿದ ಗಾಳದಂಥದ್ದು.
ಅದರ ಎದೆಯ ಬಡಿತ
ಹಲಗೆಯೊಳಗಿಂದ ಹಾದು ನನ್ನ ತೊಡೆಗೆ ಬಂತು.
ಯಾರದು ಯಾವುದು ತಿಳಿಯದಷ್ಟು ಹೊತ್ತು
ಹಾಗೇ ಕೂತಿದ್ದೆ.

ದಂಡೆಯಲ್ಲಿ ಅವು, ಕೆಂಪಗೆ. ಐದು. ಅಲ್ಲ, ಏಳು.
ಕಾಡುನಾಯಿ ಇಷ್ಟು ಚಿಕ್ಕವೆಂದು ಗೊತ್ತಿರಲಿಲ್ಲ.
ಒಂದು ಮುಂಗಾಲು ತೋಯಿಸಿ ಹಿಂದೆಳೆಯಿತು
ತಣ್ಣೀರು ಸ್ನಾನಕ್ಕೆ ಅಂಜುವ ಹುಡುಗನಂತೆ.
ಇನ್ನೊಂದು ನಮ್ಮನ್ನೇ ನೋಡುತ್ತ ಕೂತುಬಿಟ್ಟಿತು
ಬಾಗಿಲಲ್ಲಿ ಅನ್ನಕ್ಕೆ ಕಾಯುವ ಹಾಗೆ.

ಮಾವ ಹುಟ್ಟು ಎತ್ತಿದ.
ಗೊತ್ತು ನನಗೆ ಆ ಕೈ,
ಬಲೆಗೆ ಬಿದ್ದ ತೊರಕೆಯನ್ನು ಒಂದೇ ಏಟಿಗೆ ಮಲಗಿಸುವ ಕೈ.
ಕ್ವಿಂಟಲಿಗೆ ಕಡಿಮೆ ಇಲ್ಲ. ಕೇರಿಗೆಲ್ಲ ಹಂಚಬಹುದು.
ಫಾರೆಸ್ಟಿನವರು ಏಳುವುದು ಎಂಟಕ್ಕೆ.
ಇದೆಲ್ಲ ಅವನು ಯೋಚಿಸಿದ್ದಲ್ಲ, ನಾನು.
ಸುಳ್ಳು ಯಾಕೆ, ಬಾಯಲ್ಲಿ ನೀರೂರಿತ್ತು,
ಅದೇ ಹೊತ್ತಿಗೆ ಕಣ್ಣಲ್ಲೂ.

ಹುಟ್ಟು ಗಾಳಿಯಲ್ಲಿ. ತುದಿಯಿಂದ ಹನಿ
ಕಡವೆಯ ಹಣೆಗೆ, ಒಂದು.
ಇನ್ನೊಂದು.
ಅದು ಕಣ್ಣು ಮಿಟುಕಿಸಿತು ಅಷ್ಟೆ, ಗದ್ದ ತೆಗೆಯಲಿಲ್ಲ.
ಮಾವ ಹುಟ್ಟನ್ನು ನೀರಿಗಿಳಿಸಿ
ದೋಣಿಯ ಮೂತಿ ಆಚೆ ದಡಕ್ಕೆ ತಿರುಗಿಸಿದ.
"ಕಿವಿ ಹಿಡ್ಕೊಳ್ಳೇ, ಜಾರ್ತದೆ" ಅಂದ,
ಪೇಟೆಗೆ ಹೊರಟ ಯಾರೋ ಹೆಂಗಸು
ಕಡವು ದಾಟಿಸು ಎಂದು ಕೂಗಿದ್ದಳೇನೋ ಎಂಬಂತೆ.

ಹಿಡಿದೆ. ಅಷ್ಟು ತಣ್ಣಗಿನ ನೀರಲ್ಲಿ ಅಷ್ಟು ಬಿಸಿ ಕಿವಿ.

ಕಾಲಿಗೆ ಮರಳು ತಾಗಿದ್ದೇ ತಡ, ಒದ್ದು ಎದ್ದಿತು.
ದೋಣಿ ಓಲಿ ಎರಡು ಮಡ್ಲೆ ಹೊಳೆಗೆ ಹೋದವು.
ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು?
ಮೇಲೆ ರಸ್ತೆಯಲ್ಲಿ ಲಾರಿಯೊಂದು ಹಾರ್ನು ಹೊಡೆದದ್ದು ಕೇಳಿತು,
ಬ್ರೇಕು ಹಾಕಿದ್ದು ಕೇಳಲಿಲ್ಲ.
ಮಾವ ಈಚೆ ದಂಡೆಯನ್ನೇ ನೋಡುತ್ತಿದ್ದ.
"ಅವಕ್ಕೂ ಮರಿ ಇರ್ತವೆ" ಅಂದ, ಬೀಡಿ ಹಚ್ಚಿದ.
ಕಡ್ಡಿ ಮೂರು ಬೇಕಾಯಿತು.

ಮನೆಗೆ ಬಂದು ಬಳೆ ಸರಿಸಿದರೆ
ಮಣಿಕಟ್ಟಿನಲ್ಲಿ ಉಣುಗು. ಎಳ್ಳಿನಷ್ಟು, ತಲೆ ಒಳಗೆ.
ನಮ್ಮ ಕಡೆ ಉಣುಗು ಅಂದರೆ ಯಾರೂ ನಗುವುದಿಲ್ಲ,
ಮಂಗ ಸತ್ತ ಸುದ್ದಿ ಬಂದರೆ ಸೌದೆಗೂ ಹೋಗುವುದಿಲ್ಲ.
ಆಸ್ಪತ್ರೆಯ ಸಿಸ್ಟರು ಚಿಮಟದಲ್ಲಿ ಕಿತ್ತು ಕೇಳಿದಳು,
ಕಾಡಿಗೆ ಹೋಗಿದ್ಯಾ?
ಇಲ್ಲ, ಮೀನಿಗೆ ಹೋಗಿದ್ದೆ.
ಎಂಟು ದಿನ ನೋಡು, ಜ್ವರ ಬಂದರೆ ಬಾ.

ಎಂಟೂ ದಿನ ಬೆಳಿಗ್ಗೆ
ಮಾವ ಹಿತ್ತಲ ಬಾಗಿಲಿಗೆ ಬಂದು
ಶೆಟ್ಲಿ ನಾರುವ ಹಿಂಗೈ ನನ್ನ ಹಣೆಗಿಟ್ಟು
ಏನೂ ಹೇಳದೆ ಒಬ್ಬನೇ ಹೊಳೆಗಿಳಿಯುತ್ತಿದ್ದ.

ಒಂಬತ್ತನೆಯ ದಿನ ಬಾಗಿಲಿಗೆ ಬರಲಿಲ್ಲ.
ಕಡವಿನಿಂದಲೇ ಕೂಗಿದ,
"ಬಾರೇ, ಇಳಿತ ಹೋಗ್ತದೆ."